ಶ್ರೀನಗರದ ಕೊಡಕ್ಕೂ ಹೊಸಕೋಟೆಯ ನೀಲಗಿರಿಗೂ ಏನು ನಂಟು?

ಶ್ರೀನಗರ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಮಾತಾಡಲು ಎರಡೇ ವಿಷಯ. ಒಂದು, ಬಸ್ಸು ಯಾಕೆ ಬರಲಿಲ್ಲ. ಇನ್ನೊಂದು, ನೀರು ಯಾಕೆ ಬರಲಿಲ್ಲ. ಬಸ್ಸಿನ ಪುರಾಣ ಇನ್ನೊಂದು ದಿನಕ್ಕಿರಲಿ. ಇವತ್ತು ನೀರಿನದು.

2024ರ ಮಾರ್ಚ್ ತಿಂಗಳನ್ನು ಈ ಭಾಗದ ಹೋಟೆಲಿನವರಾಗಲಿ, ಕ್ಷೌರದ ಅಂಗಡಿಯವರಾಗಲಿ ಮರೆತಿರಲಾರರು. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿಹೋಗಿವೆ ಎಂದು ಆಗ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಹೇಳಿದ್ದರು. ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳತೊಡಗಿದ ಮೇಲೆ ಜಿಲ್ಲಾಡಳಿತ ಕಣ್ಣುಬಿಟ್ಟು ದರ ಕಟ್ಟಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ, ತೆರಿಗೆ ಬೇರೆ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು.

ಆ 600 ರೂಪಾಯಿಯ ರೇಟನ್ನು ಓದುಗರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಒಂದು ಲೆಕ್ಕಕ್ಕೆ ಬೇಕಾಗುತ್ತದೆ.

ನೀರಿಲ್ಲದ್ದಕ್ಕೆ ಯಾರು ಕಾರಣ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಉತ್ತರ ಸಿದ್ಧ. ಮಳೆ ಇಲ್ಲ, ಕೆರೆ ನುಂಗಿದರು, ಬೋರು ಜಾಸ್ತಿಯಾಯ್ತು, ಜನ ಜಾಸ್ತಿಯಾದರು. ಇವೆಲ್ಲಾ ನಿಜವೇ. ಆದರೆ ಈ ಪಟ್ಟಿಯಲ್ಲಿ ಯಾರೂ ಸೇರಿಸದ ಒಬ್ಬ ಆಸಾಮಿ ಇದ್ದಾನೆ. ಅವನು ನಿಮ್ಮ ನಮ್ಮ ಮನೆ ಕಟ್ಟುವಾಗ ಬಂದು ಹೋದವನೇ. ಛಾವಣಿಗೆ ಕಾಂಕ್ರೀಟ್ ಹಾಕುವಾಗ ಕೆಳಗೆ ಸಾಲಾಗಿ ನಿಲ್ಲಿಸುತ್ತಾರಲ್ಲ, ಆ ಸೆಂಟ್ರಿಂಗ್ ಕಂಬ. ನೀಲಗಿರಿ ಮರ.

ಮಾವನ ಎರಡೆಕರೆ

ಈ ವಿಷಯ ನನಗೆ ಪುಸ್ತಕ ಓದಿ ಹೊಳೆದದ್ದಲ್ಲ. ಹೊಸಕೋಟೆ ತಾಲ್ಲೂಕಿನಲ್ಲಿ ನನ್ನ ಸೋದರಮಾವನಿಗೆ ಎರಡೆಕರೆ ಖುಷ್ಕಿ ಜಮೀನಿದೆ. ನಾನು ಚಡ್ಡಿ ಹಾಕುವ ಕಾಲದಲ್ಲಿ ಅಲ್ಲಿ ರಾಗಿ, ಅವರೆ, ಹುಚ್ಚೆಳ್ಳು ಬೆಳೆಯುತ್ತಿದ್ದರು. ಮೂಲೆಯಲ್ಲಿ ಮೆಟ್ಟಿಲಿಳಿದು ಹೋಗುವ ಒಂದು ತೆರೆದ ಬಾವಿ. ಆಮೇಲೆ ಮಾವನ ಇಬ್ಬರು ಮಕ್ಕಳೂ ಕೆಲಸಕ್ಕೆಂದು ಬೆಂಗಳೂರಿಗೆ ಬಂದರು. ಮಾವ ನೀಲಗಿರಿ ನೆಟ್ಟರು.

“ಯಾಕೆ ಮಾವ ಹಾಕಿದ್ರಿ?” ಅಂತ ಮೊನ್ನೆ ಕೇಳಿದೆ.

“ಇನ್ನೇನಪ್ಪಾ ಮಾಡಾದು? ರಾಗಿ ಬಿತ್ತಿದ್ರೆ ಕಳೆ ಕೀಳೋರು ಯಾರು, ಕೊಯ್ಯೋರು ಯಾರು? ಇದನ್ನ ನೆಟ್ಟು ಬಿಟ್ರೆ ಆಯ್ತು. ಹಸ ಮೇಯಾಕಿಲ್ಲ, ಮೇಕೆ ಮುಟ್ಟಾಕಿಲ್ಲ. ಆರು ವರ್ಸಕ್ಕೆ ಯಾಪಾರದೋನು ತಾನೇ ಬಂದು ಕಡ್ಕೊಂಡು ದುಡ್ಡು ಎಣಿಸಿ ಹೋಗ್ತಾನೆ. ಕಡಿದ ಬುಡ ಮತ್ತೆ ಚಿಗುರ್ತದೆ.”

ಮಾವನ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಬಾವಿ ಏನಾಯ್ತು ಎಂದು ಕೇಳಿದ್ದಕ್ಕೆ ಮಾತ್ರ ಅವರು ಉತ್ತರ ಕೊಡದೆ ಆ ಕಡೆ ಕೈ ತೋರಿಸಿದರು. ತಳದಲ್ಲಿ ನೀಲಗಿರಿ ತರಗು, ಒಂದು ಒಡೆದ ಪ್ಲಾಸ್ಟಿಕ್ ಬಿಂದಿಗೆ.

ಬಾವಿ ಬತ್ತಿದ್ದು ನೀಲಗಿರಿಯಿಂದಲೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಸುತ್ತಮುತ್ತ ಸಾವಿರ ಅಡಿಯ ಬೋರುಗಳೂ ಇವೆ. ಆದರೆ ಅದೇ ಹೊಸಕೋಟೆಯ ಕೆಂಪು ಮಣ್ಣಿನಲ್ಲಿ ಕೆಲವರು ನೀಲಗಿರಿ ಎಷ್ಟು ಕುಡಿಯುತ್ತದೆ ಎಂದು ಅಳೆದೇ ನೋಡಿದ್ದಾರೆ.

ಅಳೆದು ನೋಡಿದವರು

ಇಂಗ್ಲೆಂಡಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಅವರ ಸಂಗಡಿಗರು 1980ರ ದಶಕದ ಕೊನೆಯಲ್ಲಿ ನಮ್ಮ ರಾಜ್ಯಕ್ಕೆ ಬಂದು ಶಿವಮೊಗ್ಗದ ಕಡೆ ಮತ್ತು ಹೊಸಕೋಟೆಯಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿದರು. ನೆಲದೊಳಗೆ ಆಳಕ್ಕೆ ಕೊಳವೆ ಇಳಿಸಿ ಯಾವ ಆಳದಲ್ಲಿ ಎಷ್ಟು ತೇವ ಇದೆ, ಮರ ದಿನಕ್ಕೆ ಎಷ್ಟು ನೀರು ಎಳೆಯುತ್ತದೆ ಎಂದು ಬರೆದಿಟ್ಟರು. ಲೆಕ್ಕ 1997ರಲ್ಲಿ ಪ್ರಕಟವಾಯಿತು.

ಹೊಸಕೋಟೆಯಲ್ಲಿ ಸಿಕ್ಕ ಅಂಕಿ ಇದು. ಮಳೆ ಕಡಿಮೆಯಿದ್ದ ಮೂರು ವರ್ಷಗಳಲ್ಲಿ ಒಟ್ಟು ಬಿದ್ದ ಮಳೆ ಸುಮಾರು 2,100 ಮಿಲಿಮೀಟರ್. ನೀಲಗಿರಿ ತೋಪು ಬಳಸಿದ ನೀರು ಸುಮಾರು 3,400 ಮಿಲಿಮೀಟರ್. ಬಂದ ಆದಾಯಕ್ಕಿಂತ ಖರ್ಚು 1,300 ಹೆಚ್ಚು!

ಮೇಲಿಂದ ಬಿದ್ದದ್ದಕ್ಕಿಂತ ಜಾಸ್ತಿ ಕುಡಿಯುವುದು ಹೇಗೆ ಸಾಧ್ಯ ಸ್ವಾಮಿ ಎಂದು ಕೇಳುತ್ತೀರಿ. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯಾಪಾರ ಸಾಲದೆ ಹೋದರೆ ಅಸಲು ತಿನ್ನುತ್ತೇವಲ್ಲ, ಹಾಗೆ. ಆ ತೋಪಿನ ಬೇರು ವರ್ಷಕ್ಕೆ ಎರಡೂವರೆ ಮೀಟರಿಗಿಂತ ಹೆಚ್ಚು ವೇಗದಲ್ಲಿ ಕೆಳಗಿಳಿದಿತ್ತು. ಹಳೆ ಕಾಲದ ಮಳೆ ಮಣ್ಣಿನ ಆಳದಲ್ಲಿ ತೇವವಾಗಿ ಕೂತಿತ್ತು. ರಾಗಿಯ ಬೇರಿಗೆ ಅದು ಎಟುಕುವುದಿಲ್ಲ. ನೀಲಗಿರಿ ಅದನ್ನೂ ಎಳೆದು ಗಾಳಿಗೆ ಬಿಟ್ಟಿತು.

ಈಗ 600 ರೂಪಾಯಿಯ ಲೆಕ್ಕಕ್ಕೆ ಬರೋಣ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ನಮ್ಮ ಕಡೆಯ 30-40 ಸೈಟು ಸುಮಾರು 111 ಚದರ ಮೀಟರ್. ಹೊಸಕೋಟೆಯ ಲೆಕ್ಕದಲ್ಲಿ ಅಷ್ಟಗಲ ನೀಲಗಿರಿ ತೋಪು ಮೂರು ವರ್ಷದಲ್ಲಿ ಮಳೆಯನ್ನೆಲ್ಲಾ ಕುಡಿದು, ಅದರ ಮೇಲೆ ಒಂದು ಲಕ್ಷ ನಲವತ್ತನಾಲ್ಕು ಸಾವಿರ ಲೀಟರ್ ನೆಲದಿಂದ ತೆಗೆಯಿತು. 6,000 ಲೀಟರಿನ 24 ಟ್ಯಾಂಕರು. 2024ರ ಸರ್ಕಾರಿ ರೇಟಿನಲ್ಲಿ 14,400 ರೂಪಾಯಿ. ಒಂದು ಎಕರೆಗೆ ಹಾಕಿ ನೋಡಿ, 870ಕ್ಕೂ ಮಿಕ್ಕಿ ಟ್ಯಾಂಕರು, ಐದು ಲಕ್ಷಕ್ಕಿಂತ ಹೆಚ್ಚು ರೂಪಾಯಿ. ಈ ಲೆಕ್ಕ ಹೇಳಿದಾಗ ನನ್ನ ಮಾವ ನಕ್ಕುಬಿಟ್ಟರು. “ಅಷ್ಟು ದುಡ್ಡು ನಂಗೆ ಯಾರು ಕೊಟ್ರು?” ಅಂದರು. ಅದು ಸರಿಯಾದ ಪ್ರಶ್ನೆ, ಆಮೇಲೆ ಬರುತ್ತೇನೆ.

ಒಂದು ಮಾತು ಸ್ಪಷ್ಟವಾಗಬೇಕು. ಆ ನೀರು ನೇರವಾಗಿ ಯಾರದೋ ಬೋರಿನಿಂದ ಕದ್ದದ್ದಲ್ಲ, ಮಣ್ಣಿನಲ್ಲಿದ್ದ ತೇವ. ಆದರೆ ಒಣಗಿದ ಮಣ್ಣಿನ ಮೇಲೆ ಮುಂದಿನ ಮಳೆ ಬಿದ್ದಾಗ ಮೊದಲು ಆ ಮಣ್ಣಿನ ಬಾಯಾರಿಕೆ ತೀರಬೇಕು. ಅದು ತೀರಿ ಮಿಕ್ಕರೆ ತಾನೇ ಅಂತರ್ಜಲಕ್ಕೆ, ಹಳ್ಳಕ್ಕೆ, ಕೆರೆಗೆ? ಮಿಗುವುದೇ ಇಲ್ಲ. ಹಳೆ ಸಾಲ ಹೊತ್ತವನ ಸಂಬಳದ ಹಾಗೆ, ಕೈಗೆ ಬಂದದ್ದೇ ಗೊತ್ತಾಗುವುದಿಲ್ಲ.

ಶಿವಮೊಗ್ಗದಲ್ಲಿ ಬೇರೆ ಕಥೆ

ಇಷ್ಟು ಓದಿ ಕೊಡಲಿ ಹಿಡಿದು ಹೊರಡಬೇಡಿ. ಅದೇ ವಿಜ್ಞಾನಿಗಳಿಗೆ ಶಿವಮೊಗ್ಗದ ಕಡೆ ಬೇರೆಯದೇ ಕಂಡಿತು. ಅಲ್ಲಿ ಮಣ್ಣಿನ ಆಳ ಸುಮಾರು ಮೂರು ಮೀಟರ್ ಮಾತ್ರ. ಅಲ್ಲಿ ಎಳೆಯ ನೀಲಗಿರಿ ತೋಪು ಬಳಸಿದ ನೀರು ಪಕ್ಕದ ಎಲೆ ಉದುರುವ ಸ್ವಾಭಾವಿಕ ಕಾಡು ಬಳಸಿದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. ಬೇರು ಇಳಿಯಲು ಜಾಗವಿಲ್ಲದ ಕಡೆ ನೀಲಗಿರಿಯೂ ಸುಮ್ಮನಿರುತ್ತದೆ ಎಂದಾಯ್ತು. ಜತೆಗೆ ಇನ್ನೊಂದು ಸತ್ಯ: ಮರ ಯಾವುದೇ ಇರಲಿ, ರಾಗಿಗಿಂತ ಸುಮಾರು ಎರಡರಷ್ಟು ನೀರು ಬಳಸುತ್ತದೆ. ಮರ ನೆಟ್ಟರೆ ನೀರು ತಾನಾಗಿ ಉಕ್ಕುತ್ತದೆ ಎಂದು ವನಮಹೋತ್ಸವದ ಭಾಷಣದಲ್ಲಿ ಹೇಳುತ್ತಾರಲ್ಲ, ಅದು ಅಷ್ಟು ಸುಲಭವಲ್ಲ.

ನೀಲಗಿರಿಯ ಪರ ವಾದಿಸುವವರ ಒಂದು ಮಾತನ್ನೂ ಒಪ್ಪಬೇಕು. ಕುಡಿದ ನೀರಿಗೆ ತಕ್ಕಷ್ಟು ಕಟ್ಟಿಗೆಯನ್ನು ಅದು ಬೇಗ ಕೊಡುತ್ತದೆ. ಸೋಮಾರಿ ಮರವಲ್ಲ.

ಹಾಗಾದರೆ ತಕರಾರು ಎಲ್ಲಿ? ತಕರಾರು ಒಂದೇ ಜಾತಿಯ, ಒಂದೇ ವಯಸ್ಸಿನ ಮರವನ್ನು ಎಕರೆಗಟ್ಟಲೆ ಒತ್ತೊತ್ತಾಗಿ ನಿಲ್ಲಿಸುವುದರಲ್ಲಿ. ಒಂದು ಲೋಟಕ್ಕೆ ಸಾವಿರ ಸ್ಟ್ರಾ ಹಾಕಿ, ಎಲ್ಲವನ್ನೂ ಒಂದೇ ಆಳಕ್ಕೆ ಇಳಿಸಿ, ಎಲ್ಲರೂ ಒಟ್ಟಿಗೆ ಹೀರಿದ ಹಾಗೆ. ಬೇಸಿಗೆಯಲ್ಲೂ ನೀಲಗಿರಿ ಎಲೆ ಉದುರಿಸಿ ಬೋಳಾಗುವುದಿಲ್ಲ, ಹೀರುವುದು ನಿಲ್ಲುವುದಿಲ್ಲ. ಆರೇಳು ವರ್ಷಕ್ಕೊಮ್ಮೆ ಕಡಿದು ಮತ್ತೆ ಚಿಗುರಿಸುವುದರಿಂದ ಆ ತೋಪಿಗೆ ಮುಪ್ಪೇ ಇಲ್ಲ. ಯಾವಾಗ ನೋಡಿದರೂ ಬೆಳೆಯುವ ಹುಡುಗರ ಹಾಸ್ಟೆಲ್ಲು, ಎಷ್ಟು ಬಡಿಸಿದರೂ ಸಾಲದು.

ಬೆರಕೆ ಕಾಡಿನಲ್ಲಿ ವ್ಯವಹಾರ ಬೇರೆ. ಹೊಂಗೆಯ ಎಲೆ ಉದುರುವ ಕಾಲ ಒಂದು, ಹುಣಸೆಯದು ಇನ್ನೊಂದು. ಒಂದರ ಬೇರು ಆಳ, ಇನ್ನೊಂದರದು ಅಗಲ. ಕೆಳಗೆ ಪೊದೆ, ಅದರ ಕೆಳಗೆ ಹುಲ್ಲು, ಅದರ ಕೆಳಗೆ ಬೇಗ ಕೊಳೆಯುವ ಮೆತ್ತನೆ ತರಗು, ಎರೆಹುಳು, ಗೆದ್ದಲು ಕೊರೆದ ಸಾವಿರ ತೂತು. ಈ ತೂತುಗಳೇ ಮುಖ್ಯ. ಮರ ಕುಡಿಯುವುದು ಖರ್ಚಿನ ಬಾಬತ್ತು, ನೆಲ ಮಳೆಯನ್ನು ಒಳಗೆ ಬಿಟ್ಟುಕೊಳ್ಳುವುದು ಜಮೆಯ ಬಾಬತ್ತು. ಖರ್ಚು ಎರಡು ಕಡೆಯೂ ಇದ್ದರೆ ಜಮೆ ಎಲ್ಲಿ ಹೆಚ್ಚೋ ಅಲ್ಲಿ ನೀರು ಉಳಿಯುತ್ತದೆ.

ಇದಕ್ಕೂ ಅಳತೆಯ ಆಧಾರ ಉಂಟು. ಪಶ್ಚಿಮ ಘಟ್ಟದ ಉತ್ತರ ಕನ್ನಡ ಸೀಮೆಯಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ಜಗದೀಶ್ ಕೃಷ್ಣಸ್ವಾಮಿ ಮತ್ತು ಜತೆಗಾರರು ಮೂರು ಬಗೆಯ ನೆಲವನ್ನು ಹೋಲಿಸಿ ನೋಡಿದರು. ಸ್ವಾಭಾವಿಕ ಬೆರಕೆ ಕಾಡು, ಬರೀ ಅಕೇಶಿಯಾ ನೆಡುತೋಪು, ಕಡಿದು ಮೇಯಿಸಿ ಹಾಳಾದ ಕಾಡು. 2013ರಲ್ಲಿ ಬಂದ ಆ ವರದಿಯ ಪ್ರಕಾರ ಅಂತರ್ಜಲಕ್ಕೆ ಹೆಚ್ಚು ನೀರು ಇಳಿದದ್ದು ಬೆರಕೆ ಕಾಡಿನಲ್ಲಿ. ಅಕೇಶಿಯಾ ನಡುವಿನದು. ಕಡೆಯದು ಹಾಳಾದ ಕಾಡು, ಅಲ್ಲಿ ಮಳೆ ಬಿದ್ದ ಹಾಗೇ ಕೊಚ್ಚಿಕೊಂಡು ಹರಿದುಹೋಗುತ್ತದೆ. ಅಂದರೆ ಬೋಳು ನೆಲಕ್ಕಿಂತ ಒಂಟಿ ಜಾತಿಯ ತೋಪು ವಾಸಿ, ಅದಕ್ಕಿಂತ ಬೆರಕೆ ಕಾಡು ವಾಸಿ. ಅದು ಭಾರೀ ಮಳೆಯ ಸೀಮೆ, ನಮ್ಮದು ಒಣ ಬಯಲು ಎಂಬ ವ್ಯತ್ಯಾಸ ಮರೆಯಬಾರದು ಅಷ್ಟೆ.

ಕಣ್ಣಾರೆ ನೋಡಬೇಕೆನ್ನುವವರು ಉತ್ತರ ಕನ್ನಡಕ್ಕೆ ಹೋಗಬೇಕಿಲ್ಲ. ಶ್ರೀನಗರದಿಂದ ಉತ್ತರಹಳ್ಳಿಯ ಕಡೆ ಹೋಗಿ ತುರಹಳ್ಳಿ ಕಾಡಿನ ಅಂಚಿಗಿಳಿಯಿರಿ. 2021ರಲ್ಲಿ ಇಲ್ಲಿ ವೃಕ್ಷೋದ್ಯಾನ ಮಾಡುತ್ತೇವೆಂದು ಸರ್ಕಾರ ಹೊರಟಾಗ ಸುತ್ತಲಿನ ಜನ ಕಾಡನ್ನು ಕಾಡಾಗಿಯೇ ಬಿಡಿ ಎಂದು ಗಲಾಟೆ ಮಾಡಿದ್ದು ನೆನಪಿರಬಹುದು. ನೀಲಗಿರಿ ನಿಂತ ಕಡೆ ಕಾಲಿನ ಕೆಳಗೆ ಗರಗರ ಒಣ ಎಲೆ, ಅದನ್ನು ಸರಿಸಿದರೆ ಗಟ್ಟಿ ನೆಲ. ಹತ್ತು ಹೆಜ್ಜೆ ಆಚೆ ಕುರುಚಲು ಗಿಡ, ಬಳ್ಳಿ, ಹುಲ್ಲು ಸೇರಿದ ಕಡೆ ಬೆರಳಿಟ್ಟರೆ ಮಣ್ಣು ಒಳಕ್ಕೆ ಹೋಗುತ್ತದೆ. ನಾನು ಹೋದದ್ದು ಮಳೆ ಬಂದ ಮಾರನೆಯ ಬೆಳಗ್ಗೆ.

ಬತ್ತಿದ ಹೊಳೆ, ಬಿಟ್ಟ ಜಲಾಶಯ

ಹೊಸಕೋಟೆ ದಕ್ಷಿಣ ಪಿನಾಕಿನಿಯ ಸೀಮೆ, ನಮಗೇನು ಅನ್ನುವವರೂ ಇದ್ದಾರೆ. ಹಾಗಾದರೆ ನಮ್ಮ ಕಡೆಗೇ ಬರೋಣ. ಶ್ರೀನಗರದ ಮೋರಿ ನೀರು ವೃಷಭಾವತಿ ಸೇರಿ, ಬೈರಮಂಗಲ ಕೆರೆ ದಾಟಿ ಕಡೆಗೆ ಅರ್ಕಾವತಿಗೆ ಹೋಗುತ್ತದೆ. ಆ ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ತಮಾಷೆ ನೋಡಿ, ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ಈ ದೇಶದಲ್ಲಿ ಮೊದಲು ನೀಲಗಿರಿ ನೆಡಿಸಿದ್ದೂ ಅದೇ ನಂದಿಬೆಟ್ಟದಲ್ಲಿ ಎನ್ನುತ್ತಾರೆ. ಆತ ತೋಟದ ಅಂದಕ್ಕೆ ನೆಡಿಸಿರಬೇಕು. ಮುಂದೆ ಇದೇ ಸೀಮೆಯಿಂದ ಹರಡಿದ ತಳಿಗೆ ‘ಮೈಸೂರು ಗಮ್’ ಎಂದೇ ಹೆಸರು ಬಂತು.

ಅರ್ಕಾವತಿಗೆ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟೆ ಕಟ್ಟಿದರು. 1974ರಲ್ಲಿ ಕಾವೇರಿ ಬರುವ ತನಕ ನಗರದ ದೊಡ್ಡ ಆಸರೆ ಅದೇ. ಹಿರಿಯರು ಭಾನುವಾರ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ಬರುತ್ತಿದ್ದರು. 1970ರ ದಶಕದ ನಂತರ ಅದಕ್ಕೆ ಬರುವ ನೀರು ಕುಸಿಯುತ್ತಾ ಬಂದು, ಬಂದದ್ದೂ ಹೊಲಸಾಗಿ, 2012ರ ಹೊತ್ತಿಗೆ ನಗರಕ್ಕೆ ಪಂಪ್ ಮಾಡುವುದೇ ನಿಂತಿತು. ಅಷ್ಟೂ ಭಾರ ನೂರು ಕಿಲೋಮೀಟರ್ ದೂರದ ಕಾವೇರಿಯ ಮೇಲೆ, ಇಲ್ಲವೇ ನಮ್ಮ ಓಣಿಯ ಬೋರುಗಳ ಮೇಲೆ ಬಿತ್ತು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂದದ್ದು ನಗರದಂಚಿನ 110 ಹಳ್ಳಿಗಳ ಬಾಯಾರಿಕೆಗೆ.

ಅರ್ಕಾವತಿ ಯಾಕೆ ಬತ್ತಿತು? ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮುಂತಾದವರು ಪತ್ತೇದಾರರ ಹಾಗೆ ಒಬ್ಬೊಬ್ಬ ಆರೋಪಿಯನ್ನೂ ಕಟಕಟೆಗೆ ಕರೆದು 2015ರಲ್ಲಿ ತೀರ್ಪು ಬರೆದರು. ಮಳೆ ಕಮ್ಮಿಯಾಯ್ತೇ, ಬಿಸಿಲು ಏರಿತೇ ಎಂದೂ ನೋಡಿದರು. ಹವಾಮಾನಕ್ಕಿಂತ ಮನುಷ್ಯನ ಕೈವಾಡವೇ ದೊಡ್ಡದು ಎಂದು ಕಂಡಿತು. ಮುಖ್ಯ ಆರೋಪಿಗಳು ಇಬ್ಬರು: ಕೊಳವೆಬಾವಿ ಮತ್ತು ನೀಲಗಿರಿ ತೋಪು. ಹೊಳೆಗೆ ಅಲ್ಲಲ್ಲಿ ಕಟ್ಟಿದ ಒಡ್ಡುಗಳದ್ದು ಸಣ್ಣ ಪಾತ್ರ.

ರೈತರು ಆಗಲೇ ಹೇಳಿದ್ದರು

ವಿಜ್ಞಾನಿಗಳು ಅಳೆಯುವ ಮುಂಚೆಯೇ ಹಳ್ಳಿಯವರಿಗೆ ಇದು ಗೊತ್ತಿತ್ತು. 1983ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂತು. ಹೆಸರು ಸಾಮಾಜಿಕ, ಕೊಟ್ಟ ಸಸಿ ಬಹುಪಾಲು ನೀಲಗಿರಿ. ಅದೇ ವರ್ಷ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದರು. 1987ರ ನವೆಂಬರ್ 14ರಂದು ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಕಂಪನಿಯ ನಾರಿನ ಕಟ್ಟಿಗೆಗೆಂದು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನು ಕೊಟ್ಟದ್ದರ ವಿರುದ್ಧ ಆ ಸಿಟ್ಟು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಮೊದಲ ಹೆಸರು ಶಿವರಾಮ ಕಾರಂತರದು. ‘ಕಿತ್ತಿಕೋ’ ಎಂದಷ್ಟೇ ಹೇಳದೆ ‘ಹಚ್ಚಿಕೋ’ ಎಂದೂ ಹೇಳಿದರಲ್ಲ, ಅದು ನನಗೆ ಬಹಳ ಹಿಡಿಸಿದ ಮಾತು. ಕಿತ್ತ ಗುಂಡಿಗೇ ಜನಕ್ಕೆ ಬೇಕಾದ ನಾನಾ ಜಾತಿಯ ಸಸಿ ಇಟ್ಟರು.

ಸರ್ಕಾರಕ್ಕೆ ಅರ್ಧ ಮಾತು ಮಾತ್ರ ಕೇಳಿಸಿತೋ ಏನೋ. 2017ರಲ್ಲಿ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದಕ್ಕೆ ನಿಷೇಧ ಬಂತು. ಸಂತೋಷ. ಆದರೆ ಹೊಸದು ನೆಡಬಾರದು ಎಂದರೆ ಹಳೆ ಬುಡ ಚಿಗುರುವುದು ನಿಲ್ಲುತ್ತದೆಯೇ? ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆ ಜೆಸಿಬಿ ತಂದು ಬುಡಸಮೇತ ತೆಗೆಸಿದ ಜಾಗಗಳೂ ಇವೆ. ತೆಗೆಸಿದ ಮೇಲೆ ಏನು? ನಾನು ಹೋದ ದಾರಿಯಲ್ಲಿ ಕಂಡದ್ದು ಒಂದು ಕಡೆ ಬಣ್ಣದ ಕಲ್ಲು ನೆಟ್ಟ ಲೇಔಟು, ಇನ್ನೊಂದು ಕಡೆ ಸಾಲಾಗಿ ಸಿಲ್ವರ್ ಓಕ್. ಒಂದು ಒಂಟಿ ಜಾತಿ ಹೋಗಿ ಇನ್ನೊಂದು ಒಂಟಿ ಜಾತಿ ಬಂದರೆ ಹೋದದ್ದೆಲ್ಲಿ, ಬಂದದ್ದೆಲ್ಲಿ?

ನೀರಿಗೆ ಯಾರು ದುಡ್ಡು ಕೊಡುತ್ತಾರೆ?

ಇಲ್ಲಿಗೆ ಮಾವನ ಪ್ರಶ್ನೆ ಬರುತ್ತದೆ. ಬುಡ ತೆಗೆಸಲು ಜೆಸಿಬಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಅವರದೇ. ಆಮೇಲೆ ಹೊಂಗೆ, ಹುಣಸೆ, ಹಲಸು, ಬೇವು, ನೇರಳೆ ಬೆರೆಸಿ ನೆಟ್ಟರೆ ಕೈಗೆ ಕಾಸು ಬರಲು ಏಳೆಂಟು ವರ್ಷ. ಅಷ್ಟರ ತನಕ ಮೇಕೆ ಕಾಯಬೇಕು, ಬೇಸಿಗೆಯಲ್ಲಿ ನೀರು ಹೊರಬೇಕು. 2011-12ರಲ್ಲಿ ಅರಣ್ಯ ಇಲಾಖೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ತಂದು, ಬದುಕಿ ಉಳಿದ ಸಸಿಗೆ ಮೂರು ವರ್ಷ ಕಂತಿನಲ್ಲಿ ಇಂತಿಷ್ಟು ಎಂದು ಕೊಡುವ ಏರ್ಪಾಡು ಮಾಡಿತು. ಒಳ್ಳೆಯದೇ. ಆದರೆ ಅದು ಗಿಡದ ಲೆಕ್ಕ. ಆ ನೆಲ ಒಳಗೆ ಬಿಟ್ಟುಕೊಳ್ಳುವ ನೀರಿನ ಲೆಕ್ಕ ಅದರಲ್ಲಿ ಎಲ್ಲೂ ಇಲ್ಲ.

ಶ್ರೀನಗರದಲ್ಲಿ 6,000 ಲೀಟರಿಗೆ 600 ರೂಪಾಯಿ ಕೊಡಲು ನಾವು ಸಿದ್ಧ, ಸಿಕ್ಕದಿದ್ದರೆ ಸಾವಿರ ಕೊಡಲೂ ಸಿದ್ಧ. ಸೆಂಟ್ರಿಂಗ್ ಕಂಬಕ್ಕೂ ನಾವು ದುಡ್ಡು ಕೊಡುತ್ತೇವೆ. ಮೇಲ್ಗಡೆ ನೀರು ಇಂಗಿಸುವವನಿಗೆ ಮಾತ್ರ ಕೊಡುವವರಿಲ್ಲ. ಹಾಗಿರುವಾಗ ನನ್ನ ಮಾವ ಕಂಬದ ವ್ಯಾಪಾರಿಯನ್ನು ಬಿಟ್ಟು ನಮ್ಮ ಕೊಡಕ್ಕಾಗಿ ಹುಣಸೆ ನೆಡಲಿ ಎಂದು ಬಸ್ ನಿಲ್ದಾಣದಲ್ಲಿ ನಿಂತು ಉಪದೇಶ ಮಾಡಲು ನನಗಂತೂ ಬಾಯಿ ಬರುವುದಿಲ್ಲ. ನೀರಿನ ಬಿಲ್ಲಿನಲ್ಲಿ ನೈರ್ಮಲ್ಯ ಶುಲ್ಕ ಎಂಬ ಸಾಲು ಇದೆ. ಮೇಲಿನ ರೈತನಿಗೆ ಎಂದು ಇನ್ನೊಂದು ಸಾಲು ಹಾಕಿದರೆ ಶ್ರೀನಗರದವರು ಗೊಣಗುತ್ತಾರೆ, ಆದರೆ ಕಟ್ಟುತ್ತಾರೆ ಎಂದು ನನ್ನ ಅಂದಾಜು. ಟ್ಯಾಂಕರಿನವನಿಗೆ ಕಟ್ಟಿಲ್ಲವೇ?

ಮೊನ್ನೆ ಹೊರಡುವಾಗ ಮಾವ ಬಾವಿಯ ಪಕ್ಕದ ಹತ್ತು ಗುಂಟೆಯಲ್ಲಿ ಬುಡ ಕೀಳಿಸಿದ ಜಾಗ ತೋರಿಸಿದರು. ಹನ್ನೆರಡು ಗುಂಡಿ ತೋಡಿದ್ದರು. ನಾಲ್ಕರಲ್ಲಿ ಹೊಂಗೆ, ಮೂರರಲ್ಲಿ ಹುಣಸೆ, ಒಂದರಲ್ಲಿ ಅತ್ತೆ ಹಟ ಮಾಡಿ ಹಾಕಿಸಿದ ಕರಿಬೇವು. ಉಳಿದ ನಾಲ್ಕು ಖಾಲಿ. ಸಸಿ ತರಲು ನರ್ಸರಿಗೆ ಹೋದಾಗ ಮುಗಿದಿದೆ, ಮುಂದಿನ ಮಳೆಗೆ ಬನ್ನಿ ಅಂದರಂತೆ. ಮಿಕ್ಕ ಒಂದು ಎಕರೆ ಮೂವತ್ತು ಗುಂಟೆಯಲ್ಲಿ ನೀಲಗಿರಿ ಬುಡಗಳು ಮೊಣಕಾಲೆತ್ತರ ಚಿಗುರಿ ನಿಂತಿದ್ದವು.